ಮೊಬೈಲು ಮತ್ತು ನಮ್ಮ ಯುವಕರು
(ಕಲ್ಲುಗುಂಡಿಯಲ್ಲಿ ಕೂಡಿದ ರೈತರ ಸಭೆಯಲ್ಲಿ ಸ್ಥಳೀಯ ಕೃಷಿಕರೊಬ್ಬರು ಮಾಡಿದ ಭಾಷಣ)



ಅಡಿಕೆಯ ಹಳದಿ ರೋಗದ ಬಗ್ಗೆಯೋ ಎಲೆಚುಕ್ಕಿ ರೋಗದ ಬಗ್ಗೆಯೋ ನಾಲ್ಕು ಮಾತು ಹೇಳೆಂದಿದ್ದರೆ ನನಗೆ ಸುಲಭವಾಗುತ್ತಿತ್ತು. ಆ ರೋಗಗಳು ಎಲ್ಲರ ತೋಟದಲ್ಲಿಯೂ ಇವೆ. ಅವುಗಳ ಸುದ್ದಿ ಆಡುವುದಕ್ಕೆ ಯಾರಿಗೂ ನಾಚಿಕೆಯಿಲ್ಲ. ಇಂದು ನಾನು ಎತ್ತಿಕೊಂಡಿರುವ ವಿಷಯ ತೋಟದ್ದಲ್ಲ, ಮನೆಯೊಳಗಿನದು. ಹದಿನೆಂಟು ದಾಟಿದ ನಮ್ಮ ಮಕ್ಕಳು, ಅವರ ಕೈಯಲ್ಲಿರುವ ಮೊಬೈಲು, ರಾತ್ರಿ ಎರಡು ಗಂಟೆಯಾದರೂ ಆರದ ಅದರ ಬೆಳಕು, ಇದೇ ಇಂದಿನ ವಿಷಯ. ಇಲ್ಲಿ ಕುಳಿತಿರುವ ಅನೇಕರ ಮನೆಯಲ್ಲಿ ಈ ಚಿಂತೆ ಇದೆ. ಆದರೆ ನೆರೆಮನೆಯವರ ಹತ್ತಿರ ಹೇಳಿಕೊಳ್ಳುವುದಿಲ್ಲ. ನಾನು ವೈದ್ಯನಲ್ಲ, ಪಂಡಿತನೂ ಅಲ್ಲ. ನಿಮ್ಮಂತೆಯೇ ತೋಟ ಮಾಡಿಕೊಂಡಿರುವವನು. ನನ್ನ ಮನೆಯಲ್ಲಿ ಆದದ್ದನ್ನು, ಆ ಮೇಲೆ ಕೇಳಿ ಓದಿ ತಿಳಿದದ್ದನ್ನು ತಮ್ಮ ಮುಂದೆ ಇಡುತ್ತೇನೆ.

ಮೊದಲು ಉಪಕಾರ ನೆನೆಯೋಣ

ಮೊಬೈಲನ್ನು ಬೈಯುವುದಕ್ಕಾಗಿ ನಾನು ನಿಂತಿಲ್ಲ. 2021ರ ಜೂನ್ ತಿಂಗಳಲ್ಲಿ ನಮ್ಮದೇ ಸುಳ್ಯ ತಾಲೂಕಿನ ಗುತ್ತಿಗಾರಿನ ಬಳ್ಳಕದಲ್ಲಿ ತೆಗೆದ ಒಂದು ಚಿತ್ರವನ್ನು ತಾವೆಲ್ಲ ನೋಡಿರಬಹುದು. ಕೊರೋನಾ ಕಾಲ, ಶಾಲೆಗಳು ಮುಚ್ಚಿದ್ದವು, ಮನೆಯಲ್ಲಿ ನೆಟ್‌ವರ್ಕ್ ಸಿಗದು. ಸುರಿಯುವ ಮಳೆಯಲ್ಲಿ ರಸ್ತೆಯ ಬದಿಗೆ ಕುಳಿತು ಎಸ್ಸೆಸ್ಸೆಲ್ಸಿ ಓದುವ ಹುಡುಗಿ ಮೊಬೈಲಿನಲ್ಲಿ ಪಾಠ ಕೇಳುತ್ತಿದ್ದಾಳೆ. ಅವಳ ತಂದೆ ಪಕ್ಕದಲ್ಲಿ ನಿಂತು ಕೊಡೆ ಹಿಡಿದಿದ್ದಾನೆ. ಆ ಚಿತ್ರ ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ನಮ್ಮ ಗುಡ್ಡಗಾಡಿನ ಎಷ್ಟೋ ತಂದೆತಾಯಿಗಳು ಆ ಎರಡು ವರ್ಷ ಮಕ್ಕಳನ್ನು ಕರೆದುಕೊಂಡು ನೆಟ್‌ವರ್ಕ್ ಸಿಗುವ ಗುಡ್ಡದ ತಲೆಗೆ ಹತ್ತಿದ್ದಾರೆ.

2022ರ ಆಗಸ್ಟ್ ಮೊದಲಲ್ಲಿ ಪಯಸ್ವಿನಿ ಉಕ್ಕಿ ಈ ಕಲ್ಲುಗುಂಡಿಯ ಅಂಗಡಿ ಮನೆಗಳಿಗೆ ನೀರು ನುಗ್ಗಿದುದನ್ನು ಮರೆತವರಿಲ್ಲ. ಯಾರು ಎಲ್ಲಿದ್ದಾರೆ, ಯಾವ ಕಡೆ ದಾರಿ ಇದೆ ಎಂದು ಒಬ್ಬರನ್ನೊಬ್ಬರು ವಿಚಾರಿಸಿಕೊಂಡದ್ದು ಈ ಯಂತ್ರದಿಂದಲೇ. ಅಡಿಕೆ ಧಾರಣೆ, ಮಳೆಯ ಮುನ್ಸೂಚನೆ, ಬ್ಯಾಂಕಿನ ಲೆಕ್ಕ, ದೂರದಲ್ಲಿರುವ ಮಗಳ ಮುಖ, ಇವೆಲ್ಲ ಇಂದು ಅಂಗೈಯಲ್ಲಿವೆ. ಇಂಥ ವಸ್ತುವನ್ನು ಶತ್ರುವೆಂದು ಕರೆದರೆ ನಮ್ಮ ಮಕ್ಕಳು ನಗುತ್ತಾರೆ. ನಗುವುದು ನ್ಯಾಯವೂ ಹೌದು.

ಆದರೆ ಕೊಡೆ ಹಿಡಿದು ನಾವು ಮನೆಯೊಳಗೆ ಕರೆದುಕೊಂಡ ವಸ್ತು, ಪಾಠ ಮುಗಿದ ಮೇಲೆಯೂ ಮಗುವಿನ ಕೈ ಬಿಡಲಿಲ್ಲ. ಅಂದು ಹದಿನೈದು ಹದಿನಾರರಲ್ಲಿದ್ದ ಮಕ್ಕಳು ಇಂದು ಇಪ್ಪತ್ತು ದಾಟಿದ್ದಾರೆ. ಅವರ ವಿಷಯವನ್ನೇ ನಾನು ಹೇಳಹೊರಟದ್ದು.

ನಮ್ಮ ಮನೆಯ ಸಂಗತಿ

ಕೆಲವು ವರ್ಷಗಳ ಹಿಂದಿನ ಆಟಿ ತಿಂಗಳು. ಮಳೆ ಹಿಡಿಯುವ ಮೊದಲೇ ತೋಟಕ್ಕೆ ಮೊದಲನೆಯ ಮದ್ದು ಬಿಟ್ಟಾಗಿತ್ತು. ನಲ್ವತ್ತು ನಲ್ವತ್ತೈದು ದಿನಕ್ಕೆ ಎರಡನೆಯದು ಬೀಳಬೇಕು. ಇಲ್ಲವಾದರೆ ಕೊಳೆರೋಗ ಬಿಡುವುದಿಲ್ಲವೆಂದು ತಮಗೆ ನಾನು ಹೇಳಬೇಕಾಗಿಲ್ಲ. ಮಳೆ ಹನಿ ಕಡಿಯದೆ ಸುರಿಯುತ್ತಿತ್ತು. ಒಂದು ಸಂಜೆ ಆಕಾಶ ತೆರೆಯಿತು. ನಾಳೆ ಅರ್ಧ ದಿನ ಬಿಸಿಲು ಸಿಕ್ಕೀತು ಎಂಬ ಅಂದಾಜು.

ನನ್ನ ಮಗನಿಗೆ ಆಗ ಇಪ್ಪತ್ತೆರಡು. ಡಿಗ್ರಿ ಮುಗಿಸಿ ಮನೆಯಲ್ಲಿದ್ದ. ಕೆಲಸಗಾರರಿಗೆ ಫೋನು ಮಾಡಿ, ಬೆಳಗ್ಗೆ ಆರಕ್ಕೆ ಸುಣ್ಣ, ಮೈಲುತುತ್ತು ಕಲಸಿ ಸಿದ್ಧ ಮಾಡಿಡುವ ಕೆಲಸ ಅವನದು. ಪೇಟೆಯಲ್ಲಿ ಬೇರೆ ಕೆಲಸವಿದ್ದುದರಿಂದ ನಾನು ನಸುಕಿನಲ್ಲಿಯೇ ಹೊರಟಿದ್ದೆ. ಹನ್ನೊಂದು ಗಂಟೆಗೆ ಬಂದು ನೋಡಿದರೆ ಬ್ಯಾರೆಲ್ಲು ಖಾಲಿ. ಇಬ್ಬರು ಕೆಲಸಗಾರರು ಅಂಗಳದಲ್ಲಿ ಕುಳಿತಿದ್ದರು. ಮಗ ಆಗತಾನೆ ಎದ್ದು ಮುಖ ತೊಳೆಯುತ್ತಿದ್ದ. ರಾತ್ರಿ ಮೂರರ ತನಕ ಅವನ ಕೋಣೆಯಲ್ಲಿ ಬೆಳಕಿತ್ತೆಂದು ಅವನ ತಾಯಿ ಹೇಳಿದಳು. ಗಡಿಬಿಡಿಯಿಂದ ಮದ್ದು ಕಲಸಿ ನಾಲ್ಕು ಸಾಲು ಮುಗಿಸುವಷ್ಟರಲ್ಲಿ ಮಳೆ ಬಂತು. ಮತ್ತೆ ಹತ್ತು ದಿನ ಬಿಡುವು ಸಿಗಲಿಲ್ಲ. ಆ ವರ್ಷ ಮರದ ಬುಡದಲ್ಲಿ ಕೊಳೆತು ಉದುರಿದ ಕಾಯಿಯನ್ನು ಬುಟ್ಟಿಗಟ್ಟಲೆ ಹೆಕ್ಕಿ ಹೊರಗೆ ಹಾಕಿದೆವು.

ಈಗ ನನ್ನ ತಪ್ಪನ್ನು ಹೇಳುತ್ತೇನೆ. ಆ ಕೆಲಸಗಾರರ ಎದುರಿನಲ್ಲಿಯೇ ಬಾಯಿಗೆ ಬಂದಂತೆ ಅವನನ್ನು ಬೈದೆ. ಮೊಬೈಲನ್ನು ಕಸಿದು ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಅವನು ಏನೂ ಆಡಲಿಲ್ಲ. ನಾಲ್ಕನೆಯ ದಿನ ಬೆಂಗಳೂರಿನ ಬಸ್ಸು ಹತ್ತಿದ. ಮೂರು ತಿಂಗಳು ನನ್ನೊಡನೆ ಮಾತಿಲ್ಲ. ಅವನ ತಾಯಿ ಮಾತ್ರ ರಾತ್ರಿ ಊಟದ ಹೊತ್ತಿಗೆ ಫೋನು ಮಾಡಿ "ಉಂಡೆಯಾ ಮಗಾ?" ಎಂದು ಕೇಳುತ್ತಿದ್ದಳು. ಯಾವ ಯಂತ್ರವನ್ನು ನಾನು ದೂರಿದೆನೋ ಅದೇ ಯಂತ್ರದ ಮೂಲಕ ಅವಳು ಮಗನನ್ನು ಉಳಿಸಿಕೊಂಡಳು.

ಅಡಿಕೆ ಕೊಯ್ಲಿಗೆ ಅವನು ಬಂದ. ಒಂದು ರಾತ್ರಿ ಚಾವಡಿಯಲ್ಲಿ ಇಬ್ಬರೇ ಇದ್ದೆವು. ನಾನು ಈ ಸಲ ಬೈಯಲಿಲ್ಲ, ಕೇಳಿದೆ: "ಅಷ್ಟು ಹೊತ್ತು ಅದರಲ್ಲಿ ಏನು ನೋಡುತ್ತಿದ್ದಿ?" ಬಹಳ ಹೊತ್ತಿನ ಮೇಲೆ ಅವನು ಹೇಳಿದ: "ಏನು ನೋಡಿದೆನೆಂದು ಬೆಳಗ್ಗೆ ನನಗೇ ನೆನಪಿರುತ್ತಿರಲಿಲ್ಲ ಅಪ್ಪ. ನೋಡಿ ಸಂತೋಷವಾಗುತ್ತಿತ್ತು ಅಂತಲ್ಲ. ನಿಲ್ಲಿಸಿದರೆ ನಾಳೆಯ ಯೋಚನೆ ಬರುತ್ತಿತ್ತು." ಅವನು ಎರಡು ನೌಕರಿ ಪರೀಕ್ಷೆಗಳಲ್ಲಿ ಸೋತಿದ್ದನೆಂದು ನನಗೆ ಗೊತ್ತಿತ್ತು. ಆ ಸೋಲು ರಾತ್ರಿ ಅವನ ಪಕ್ಕದಲ್ಲಿ ಮಲಗುತ್ತಿತ್ತೆಂದು ಗೊತ್ತಿರಲಿಲ್ಲ. ಆ ಮೇಲೆ ಇನ್ನೊಂದು ಮಾತು ಹೇಳಿದ: "ನಾನು ಹೇಳೋಣವೆಂದು ಬಂದಾಗಲೆಲ್ಲ ನೀವೂ ಮೊಬೈಲು ನೋಡುತ್ತಿದ್ದಿರಿ."

ಅದು ನಿಜ. ಅಡಿಕೆ ಧಾರಣೆಯ ಗುಂಪು, ಸಂಬಂಧಿಕರ ಗುಂಪು, ರಾಜಕೀಯದ ಗುಂಪು, ಹೀಗೆ ವಾಟ್ಸಾಪಿನ ಹನ್ನೆರಡು ಗುಂಪುಗಳಲ್ಲಿ ನಾನಿದ್ದೆ. ಊಟದ ಎಲೆಯ ಮುಂದೆಯೂ ನನ್ನ ಎಡಗೈಯಲ್ಲಿ ಅದು ಇರುತ್ತಿತ್ತು.

ಕೊನೆಯಿಲ್ಲದ ಆಟ

ಮೊಬೈಲು ಯುವಕರನ್ನು ಹೀಗೆ ಹಿಡಿದುಕೊಳ್ಳುವುದಕ್ಕೆ ಕಾರಣವಿದೆ. ಅದು ಬರೀ ಅವರ ಸೋಮಾರಿತನವಲ್ಲ.

ಹಿಂದಿನ ಎಲ್ಲ ವಿನೋದಕ್ಕೂ ಒಂದು ಕೊನೆ ಇತ್ತು. ಪತ್ರಿಕೆಗೆ ಕೊನೆಯ ಪುಟವಿತ್ತು. ರೇಡಿಯೋ ವಾರ್ತೆ ಹತ್ತು ನಿಮಿಷಕ್ಕೆ ಮುಗಿಯುತ್ತಿತ್ತು. ಇಡೀ ರಾತ್ರಿಯ ಯಕ್ಷಗಾನವಾದರೂ ಬೆಳಗಾದಾಗ ಮಂಗಳ ಹಾಡುತ್ತಿತ್ತು. ಮೊಬೈಲಿನ ಸಣ್ಣ ಸಣ್ಣ ಚಿತ್ರಗಳಿಗೆ, ನಾವು ರೀಲ್ಸ್ ಎನ್ನುವವುಗಳಿಗೆ, ಮಂಗಳವೇ ಇಲ್ಲ. ಒಂದು ಮುಗಿಯುವ ಮೊದಲೇ ಇನ್ನೊಂದು ತಾನಾಗಿ ಬರುತ್ತದೆ. ಬೆರಳು ಮೇಲಕ್ಕೆ ಸರಿಸಿದಷ್ಟೂ ಬರುತ್ತದೆ. ನಿಲ್ಲಿಸುವ ಕೆಲಸವನ್ನು ಪೂರ್ತಿ ನೋಡುವವನ ಮೇಲೆಯೇ ಬಿಟ್ಟಿದ್ದಾರೆ. ನಿದ್ದೆಗಣ್ಣಿನಲ್ಲಿ ಆ ಕೆಲಸ ಅವನಿಂದ ಆಗದು.

ಎರಡನೆಯದು, ಮುಂದೆ ಬರುವುದು ಏನೆಂದು ಗೊತ್ತಿರುವುದಿಲ್ಲ. ಹತ್ತರಲ್ಲಿ ಒಂಬತ್ತು ಸಪ್ಪೆ. ಒಂದು ಮಾತ್ರ ಚೆನ್ನಾಗಿರುತ್ತದೆ. ಆ ಒಂದು ಯಾವಾಗ ಬರುವುದೋ ಎಂಬ ಆಸೆಯೇ ಗಾಳ. ಕೋಳಿ ಅಂಕದ ಚಟ ಹತ್ತಿದವರನ್ನು ನಾವು ನೋಡಿದ್ದೇವೆ. ಯಾವಾಗಲೂ ಗೆಲ್ಲುವುದಾದರೆ ಅಥವಾ ಯಾವಾಗಲೂ ಸೋಲುವುದಾದರೆ ಮನುಷ್ಯ ಬೇಗ ಎದ್ದು ಬಂದಾನು. ಒಮ್ಮೊಮ್ಮೆ ಗೆಲ್ಲುತ್ತಾನಲ್ಲ, ಅದಕ್ಕಾಗಿ ಕತ್ತಲಾದರೂ ಏಳುವುದಿಲ್ಲ. ಮನಶ್ಶಾಸ್ತ್ರ ತಿಳಿದವರು ಹೇಳುವುದೂ ಇದನ್ನೇ.

ಮೂರನೆಯದು, ಇದೆಲ್ಲ ಪುಕ್ಕಟೆಯಲ್ಲ. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದ ಮೇಲೆ ಇಂಟರ್ನೆಟ್ಟಿನ ದರ ತೀರ ಇಳಿಯಿತು, ಹಳ್ಳಿಹಳ್ಳಿಗೂ ತಲುಪಿತು. ಆದರೆ ಆ ಚಿತ್ರಗಳನ್ನು ತೋರಿಸುವ ಕಂಪೆನಿಗಳಿಗೆ ಆದಾಯ ಬರುವುದು ಜಾಹೀರಾತಿನಿಂದ. ನಮ್ಮ ಮಗ ನೋಡಿದಷ್ಟು ಹೊತ್ತೂ ಅವರಿಗೆ ಲಾಭ. ಅಡಿಕೆಯನ್ನು ನಾವು ಕಿಲೋ ಲೆಕ್ಕದಲ್ಲಿ ಮಾರುವಂತೆ ಅವರು ನಮ್ಮ ಹೊತ್ತನ್ನು ಮಾರುತ್ತಾರೆ. ಅತ್ಯಂತ ಬುದ್ಧಿವಂತ ಎಂಜಿನಿಯರುಗಳು ಕುಳಿತು ಮಾಡಿದ ಯಂತ್ರದ ಎದುರು ಇಪ್ಪತ್ತರ ಹುಡುಗ ಒಬ್ಬನೇ ಕುಳಿತಿರುತ್ತಾನೆಂಬುದನ್ನು ಬೈಯುವ ಮೊದಲು ನೆನೆಯಬೇಕು.

ಚಾಕುವಿನ ಪರೀಕ್ಷೆ

ಹಾಗಾದರೆ ಮೊಬೈಲು ನೋಡುವವರೆಲ್ಲ ರೋಗಿಗಳೇ? ಖಂಡಿತ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯ 11ನೆಯ ಆವೃತ್ತಿ 2022ರ ಜನವರಿಯಿಂದ ಜಾರಿಗೆ ಬಂದಿದೆ. ಅದರಲ್ಲಿ ಗೇಮುಗಳ ಚಟವನ್ನು ರೋಗವೆಂದು ಸೇರಿಸಿದ್ದಾರೆ. ಬರೀ ಮೊಬೈಲು ಬಳಕೆಯನ್ನು ಸೇರಿಸಿಲ್ಲ. ಆ ರೋಗಕ್ಕೆ ಅವರು ಹೇಳುವ ಗುರುತು ಮೂರು: ಆಟ ತನ್ನ ಹತೋಟಿಯಲ್ಲಿ ಇಲ್ಲದಿರುವುದು, ಬೇರೆ ಎಲ್ಲ ಕೆಲಸಕ್ಕಿಂತ ಅದೇ ಮೊದಲಾಗುವುದು, ಕೆಡುಕು ಕಣ್ಣಿಗೆ ಕಂಡರೂ ಬಿಡಲಾರದಿರುವುದು. ಸಾಮಾನ್ಯವಾಗಿ ಹನ್ನೆರಡು ತಿಂಗಳು ಹೀಗೆ ನಡೆದಿದ್ದರೆ ಮಾತ್ರ ವೈದ್ಯರು ರೋಗವೆನ್ನುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ ಇಂಥವರಿಗಾಗಿ 2014ರಿಂದಲೇ ಶಟ್ ಕ್ಲಿನಿಕ್ ಎಂಬ ವಿಭಾಗ ಇದೆ.

ಗಂಟೆಯ ಲೆಕ್ಕ ಒಂದರಿಂದಲೇ ಇದನ್ನು ಅಳೆಯಲಾಗದು. ಓದುವ ಹುಡುಗಿ ನಾಲ್ಕು ಗಂಟೆ ನೋಡಿಯೂ ಸರಿಯಾಗಿ ಇರಬಹುದು. ನಾವು ಬೋರ್ಡೋ ದ್ರಾವಣ ಮಾಡಿದಾಗ ಚಾಕುವಿನ ಅಲಗನ್ನು ಅದ್ದಿ ನೋಡುತ್ತೇವಷ್ಟೆ. ಅಲಗಿನ ಮೇಲೆ ಕೆಂಪು ಬಣ್ಣ ಕೂತರೆ ಸುಣ್ಣ ಸಾಲದು, ಹಾಗೆಯೇ ಬಿಟ್ಟರೆ ಮದ್ದೇ ಗಿಡವನ್ನು ಸುಡುತ್ತದೆ ಎಂದು ತಿಳಿಯುತ್ತೇವೆ. ಮೊಬೈಲಿಗೂ ಅಂಥ ನಾಲ್ಕು ಪರೀಕ್ಷೆಗಳಿವೆ. ರಾತ್ರಿಯ ನಿದ್ದೆ ಕೆಟ್ಟಿದೆಯೇ? ಒಪ್ಪಿಕೊಂಡ ಕೆಲಸ ಅಥವಾ ಓದು ತಪ್ಪುತ್ತಿದೆಯೇ? ಗೆಳೆಯರ ಕೂಟ, ವಾಲಿಬಾಲು, ಮನೆಯವರೊಡನೆ ಊಟ, ಇವೆಲ್ಲ ಒಂದೊಂದಾಗಿ ಬಿಟ್ಟುಹೋಗುತ್ತಿವೆಯೇ? ಕಡಿಮೆ ಮಾಡಬೇಕೆಂದು ಅವನೇ ಬಯಸಿದರೂ ಆಗುತ್ತಿಲ್ಲವೇ? ಅಲಗು ಕೆಂಪಾಗಿ ಕಂಡರೆ ಮನೆಯವರು ಎಚ್ಚರಗೊಳ್ಳಬೇಕು.

ಇನ್ನೊಂದು ಮಾತನ್ನೂ ಮರೆಯತಕ್ಕದ್ದಲ್ಲ. ಅನೇಕ ವೇಳೆ ಮೊಬೈಲಿನ ಹಿಂದೆ ಬೇರೊಂದು ನೋವು ಅಡಗಿರುತ್ತದೆ: ಕೆಲಸವಿಲ್ಲದ ಅವಮಾನ, ಪರೀಕ್ಷೆಯ ಸೋಲು, ಮದುವೆಗೆ ಹೆಣ್ಣು ಸಿಗದ ಚಿಂತೆ, ಮನಸ್ಸಿನ ಖಿನ್ನತೆ. ಅದನ್ನು ಕೇಳದೆ ಮೊಬೈಲು ಕಸಿದರೆ ನೋವು ಅಲ್ಲಿಯೇ ಉಳಿಯುತ್ತದೆ. ಹೇಳಿಕೊಳ್ಳುವ ದಾರಿ ಮಾತ್ರ ಮುಚ್ಚುತ್ತದೆ.

ಹಣದ ಆಟದ ವಿಷಯ

ಹೊತ್ತು ಹೋದರೆ ತಿರುಗಿ ಕಟ್ಟಿಕೊಳ್ಳಬಹುದು. ಹಣ ಇಟ್ಟು ಆಡುವ ಆಟಕ್ಕೆ ಇಳಿದರೆ ಮನೆಗೇ ಅಪಾಯ. ಮೊಬೈಲಿನಲ್ಲಿ ರಮ್ಮಿ, ಕ್ರಿಕೆಟ್ ಪಂದ್ಯದ ಮೇಲಿನ ಬಾಜಿ ಮುಂತಾದವುಗಳಿಂದ ಸಾಲಕ್ಕೆ ಬಿದ್ದ ಯುವಕರ ಸುದ್ದಿಯನ್ನು ನಾವು ಪತ್ರಿಕೆಗಳಲ್ಲಿ ಓದಿದ್ದೇವೆ. ನಮ್ಮ ರಾಜ್ಯ ಸರಕಾರ 2021ರಲ್ಲಿ ಇವುಗಳನ್ನು ತಡೆಯಲು ಕಾನೂನು ತಂದಿತ್ತು; 2022ರ ಫೆಬ್ರವರಿಯಲ್ಲಿ ಹೈಕೋರ್ಟು ಅದರ ಮುಖ್ಯ ಭಾಗಗಳನ್ನು ರದ್ದು ಮಾಡಿತು. ಆ ಮೇಲೆ 2025ರ ಆಗಸ್ಟಿನಲ್ಲಿ ಪಾರ್ಲಿಮೆಂಟು ಇಡೀ ದೇಶಕ್ಕೆ ಕಾಯಿದೆ ಮಾಡಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಅಂಥ ಆಟ ನಡೆಸುವವರಿಗೆ 3 ವರ್ಷದ ತನಕ ಸೆರೆವಾಸ, 1 ಕೋಟಿ ರೂಪಾಯಿ ತನಕ ದಂಡ. ಗಮನಿಸಬೇಕಾದದ್ದೇನೆಂದರೆ, ಆಡಿ ಕಳೆದುಕೊಂಡವನನ್ನು ಆ ಕಾಯಿದೆ ಅಪರಾಧಿಯೆಂದು ಎಣಿಸುವುದಿಲ್ಲ. ಆದುದರಿಂದ ಹೆದರಿ ಮುಚ್ಚಿಡುವ ಕಾರಣವಿಲ್ಲ. ಕಳ್ಳದಾರಿಯಿಂದ ಬರುವ ಆಟಕ್ಕೂ ಎರಡು ನಿಮಿಷದಲ್ಲಿ ಸಾಲ ಕೊಡುತ್ತೇವೆನ್ನುವ ಆಪುಗಳಿಗೂ ಕೈ ಹಾಕಬಾರದು.

ಮೋಸದಿಂದ ಹಣ ಹೋದರೆ ತಡಮಾಡದೆ 1930ಕ್ಕೆ ಫೋನು ಮಾಡತಕ್ಕದ್ದು. ಬೇಗ ತಿಳಿಸಿದಷ್ಟೂ ಹಣವನ್ನು ದಾರಿಯಲ್ಲಿ ತಡೆಯುವ ಸಾಧ್ಯತೆ ಹೆಚ್ಚು. ತಾಯಂದಿರಿಗೆ ಒಂದು ಮಾತು: ಫೋಟೋ ಇಟ್ಟುಕೊಂಡು ಯಾರಾದರೂ ಹೆದರಿಸುತ್ತಿದ್ದಾರೆಂದು ಮಗಳು ಬಂದು ಹೇಳಿದರೆ, "ನೀನೇಕೆ ಕೊಟ್ಟೆ?" ಎಂದು ಮೊದಲು ಕೇಳಬೇಡಿ. "ಹೇಳಿದ್ದು ಒಳ್ಳೆಯದಾಯಿತು" ಎನ್ನಿ. ಹೆದರಿಸುವವನಿಗೆ ಹಣ ಕೊಡದೆ ಪೊಲೀಸರಿಗೆ ತಿಳಿಸಿರಿ. ಮನೆಯಲ್ಲಿ ಹೇಳಲಾರದೆ ಹೋದ ಮಕ್ಕಳೇ ಅಪಾಯಕ್ಕೆ ಸಿಕ್ಕುತ್ತಾರೆ.

ನಾವು ಮಾಡಬಹುದಾದದ್ದು

ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯಲ್ಲಿ ಮೋಹಿತ್ಯಾಂಚೆ ವಡಗಾಂವ್ ಎಂಬ ಹಳ್ಳಿ ಇದೆ. 2022ರಲ್ಲಿ ಆ ಊರಿನವರು ಸಭೆ ಸೇರಿ ಒಂದು ನಿಯಮ ಮಾಡಿದರು. ಸಂಜೆ 7 ಗಂಟೆಗೆ ದೇವಸ್ಥಾನದಿಂದ ಸೈರನ್ ಕೂಗುತ್ತದೆ. ಅಲ್ಲಿಂದ ಒಂದೂವರೆ ಗಂಟೆ ಮನೆಮನೆಯಲ್ಲಿಯೂ ಮೊಬೈಲು, ಟಿವಿ ಬಂದ್. ಮಕ್ಕಳು ಓದುತ್ತಾರೆ, ಹಿರಿಯರು ಮಾತಾಡುತ್ತಾರೆ. ಇದರಲ್ಲಿ ನನಗೆ ಮೆಚ್ಚಿಗೆಯಾದದ್ದು ಸೈರನ್ ಅಲ್ಲ. ನಿಯಮ ಎಳೆಯರಿಗೆ ಮಾತ್ರವಲ್ಲ, ಎಲ್ಲರಿಗೂ ಒಂದೇ ಎಂಬುದು. ನಮ್ಮ ಮನೆಗಳು ಗುಡ್ಡಕ್ಕೊಂದು ತೋಟಕ್ಕೊಂದು ಇರುವುದರಿಂದ ಸೈರನ್ ಕೇಳಿಸದು. ಒಂದೊಂದು ಮನೆಯೂ ತನಗೆ ತಾನೇ ನಿಯಮ ಮಾಡಿಕೊಳ್ಳಬೇಕು. ನಮ್ಮ ಮನೆಯಲ್ಲಿ ಮಾಡಿ ನೋಡಿದ್ದನ್ನು ಹೇಳುತ್ತೇನೆ.

1. ಚಾರ್ಜರು ಮಲಗುವ ಕೋಣೆಯಲ್ಲಿ ಬೇಡ. ರಾತ್ರಿ ಹತ್ತಕ್ಕೆ ಎಲ್ಲರ ಮೊಬೈಲೂ ಚಾವಡಿಯ ಮೇಜಿನ ಮೇಲೆ. ಯಜಮಾನನ ಮೊಬೈಲು ಮೊದಲು. ಎಬ್ಬಿಸಲು ಹಳೆಯ ಅಲಾರಂ ಗಡಿಯಾರ ಸಾಕು. ಈ ಒಂದರಿಂದಲೇ ಹೆಚ್ಚು ಪ್ರಯೋಜನವಾಯಿತು.

2. ಊಟದ ಹೊತ್ತಿನಲ್ಲಿ ಯಾರ ಕೈಯಲ್ಲೂ ಮೊಬೈಲು ಇರಕೂಡದು.

3. ಅಗತ್ಯವಿಲ್ಲದ ಆಪುಗಳ ಗಂಟೆ ಸದ್ದನ್ನು ನಿಲ್ಲಿಸಿರಿ. ಯಾವ ಆಪಿನಲ್ಲಿ ಎಷ್ಟು ಹೊತ್ತು ಹೋಯಿತೆಂದು ತೋರಿಸುವ, ಇಷ್ಟೇ ಹೊತ್ತೆಂದು ಮಿತಿ ಹಾಕುವ ಏರ್ಪಾಡು ಹೆಚ್ಚಿನ ಮೊಬೈಲುಗಳ ಸೆಟ್ಟಿಂಗ್ಸಿನಲ್ಲಿಯೇ ಇದೆ. ಮಿತಿಯನ್ನು ಮಗನೇ ನಿಶ್ಚಯಿಸಲಿ. ಇಪ್ಪತ್ತರ ಹುಡುಗನಿಗೆ ನಾವು ಹಾಕಿದ ಬೇಲಿ ನಿಲ್ಲದು. ಅವನೇ ಹಾಕಿಕೊಂಡದ್ದು ನಿಂತೀತು.

4. ತೆಗೆದ ಹೊತ್ತಿನ ಜಾಗದಲ್ಲಿ ಬೇರೇನಾದರೂ ಇರಬೇಕು. ಖಾಲಿ ಬಿಟ್ಟ ಗದ್ದೆಯಲ್ಲಿ ಕಳೆಯೇ ಬೆಳೆಯುತ್ತದೆ. ಪಂಚಾಯತಿನ ಅರಿವು ಕೇಂದ್ರದಲ್ಲಿ ಪುಸ್ತಕಗಳಿವೆ, ಆಟದ ಬಯಲಿದೆ, ಯಕ್ಷಗಾನ ಕಲಿಯುವ ಅವಕಾಶವಿದೆ. ಎಲ್ಲಕ್ಕಿಂತ ಮುಖ್ಯವಾಗಿ, ಅವನದೇ ಎನ್ನುವ ಒಂದು ಜವಾಬ್ದಾರಿ ಮತ್ತು ಅವನದೇ ಎನ್ನುವ ಒಂದಿಷ್ಟು ಆದಾಯ ಬೇಕು. ಡಿಗ್ರಿ ಓದಿದ ಮಗನನ್ನು ಕೂಲಿಯಿಲ್ಲದ ಆಳಿನಂತೆ ಕಂಡರೆ ಅವನ ಮನಸ್ಸು ಮೊಬೈಲಿನೊಳಗೆ ಹೋಗದೆ ಏನು ಮಾಡೀತು?

5. ಎಷ್ಟು ಮಾಡಿದರೂ ಆಗದಿದ್ದರೆ, ನಿದ್ದೆ ಊಟ ಕೆಟ್ಟಿದ್ದರೆ, ಬದುಕು ಬೇಡವೆಂಬ ಮಾತು ಬಂದರೆ, ವೈದ್ಯರ ಹತ್ತಿರ ಹೋಗತಕ್ಕದ್ದು. 2022ರ ಅಕ್ಟೋಬರಿನಿಂದ ಸರಕಾರದ ಟೆಲಿ ಮಾನಸ್ ಎಂಬ ವ್ಯವಸ್ಥೆ ಇದೆ. 14416 ನಂಬರಿಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಖರ್ಚಿಲ್ಲದೆ ಫೋನು ಮಾಡಿ ಕನ್ನಡದಲ್ಲಿಯೇ ಮಾತಾಡಬಹುದು. ಮಗ ಒಪ್ಪದಿದ್ದರೆ ತಂದೆತಾಯಿಗಳೇ ಮಾಡಿ ಸಲಹೆ ಕೇಳಬಹುದು. ಜ್ವರಕ್ಕೆ ಔಷಧಿ ತರುವುದರಲ್ಲಿ ಇಲ್ಲದ ನಾಚಿಕೆ ಇದರಲ್ಲಿ ಏಕೆ?

ಕೊನೆಯ ಮಾತು

ನನ್ನ ಮಗ ಈಗ ಕಾರ್ಬನ್ ಫೈಬರ್ ದೋಟಿಯಲ್ಲಿ ಅಡಿಕೆ ಕೊಯ್ಯುತ್ತಾನೆ, ನೆಲದಲ್ಲಿ ನಿಂತೇ ಮದ್ದು ಬಿಡುತ್ತಾನೆ. ನೆರೆಯ ನಾಲ್ಕು ತೋಟಗಳಿಗೂ ಹೋಗುತ್ತಾನೆ. ಆ ಸಂಪಾದನೆ ಅವನದು. ದೋಟಿ ಹಿಡಿಯುವ ಕ್ರಮವನ್ನು ಅವನು ಮೊದಲು ನೋಡಿ ತಿಳಿದದ್ದು ಮೊಬೈಲಿನಲ್ಲಿಯೇ! ಎಲ್ಲ ಸರಿಯಾಯಿತೆಂದು ನಾನು ಹೇಳುವುದಿಲ್ಲ. ಕೆಲವು ರಾತ್ರಿ ಮೇಜಿನ ಮೇಲೆ ಒಂದು ಮೊಬೈಲು ಕಡಿಮೆ ಇರುತ್ತದೆ. ಒಮ್ಮೊಮ್ಮೆ ಅದು ನನ್ನದೇ ಆಗಿರುತ್ತದೆ. ಆಗ ಅವನು ನನ್ನನ್ನು ಕರೆದು ಹೇಳುತ್ತಾನೆ, ನಾನು ಒಪ್ಪುತ್ತೇನೆ. ಆ ಮೂರು ತಿಂಗಳ ಮೌನಕ್ಕಿಂತ ಇದು ಎಷ್ಟೋ ಮೇಲು.

ಬಾಂಧವರೇ, ಮೈಲುತುತ್ತು ಒಳ್ಳೆಯ ವಸ್ತುವೇ. ಸುಣ್ಣ ಕೂಡದಿದ್ದರೆ ಮಾತ್ರ ಅದು ಎಲೆಯನ್ನು ಸುಡುತ್ತದೆ. ಅದಕ್ಕಾಗಿ ಮೈಲುತುತ್ತನ್ನು ನಾವು ಬೈದು ಎಸೆಯುವುದಿಲ್ಲ, ಅಳತೆಯ ಸುಣ್ಣ ಸೇರಿಸುತ್ತೇವೆ. ಮೊಬೈಲು ನಮ್ಮ ಮನೆಗಳನ್ನು ಬಿಟ್ಟು ಹೋಗತಕ್ಕ ವಸ್ತುವಲ್ಲ. ಅದಕ್ಕೆ ಸೇರಿಸಬೇಕಾದ ಸುಣ್ಣ ನಮ್ಮ ಹತ್ತಿರವೇ ಇದೆ: ಹೊತ್ತಿಗೆ ಒಂದು ಮಿತಿ, ಮಗನಿಗೆ ಒಂದು ಕೆಲಸ, ಅವನು ಮಾತಾಡಲು ಬಂದಾಗ ಖಾಲಿಯಿರುವ ನಮ್ಮ ಎರಡು ಕೈಗಳು. ಇಂದು ರಾತ್ರಿ ಮನೆಗೆ ಹೋದ ಮೇಲೆ ತಮ್ಮ ಮೊಬೈಲನ್ನು ಮೊದಲು ಮೇಜಿನ ಮೇಲಿಡಬೇಕೆಂದು ಕೇಳಿಕೊಂಡು ನನ್ನ ನಾಲ್ಕು ಮಾತುಗಳನ್ನು ಮುಗಿಸುತ್ತೇನೆ.